ಬಯಲಿಗೆ ಪಹಣಿಯಿಲ್ಲ

ದೇವರನ್ನು ಶೂನ್ಯವೆಂದು ತಿಳಿಯಬಹುದೇ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಎತ್ತುವವರು ಮೊದಲು ಎರಡು ಮಾತುಗಳ ಲೆಕ್ಕ ತೀರಿಸಿಕೊಳ್ಳಬೇಕು. ಶೂನ್ಯ ಎಂಬುದು ಸಂಸ್ಕೃತದಿಂದ ಬಂದ ಮಾತು. ಕಿವಿಗೆ ಬಿದ್ದೊಡನೆ ಸೊನ್ನೆ, ಬರಿದು, ಇಲ್ಲದ್ದು ಎಂಬ ಅರ್ಥಗಳೇ ಏಳುತ್ತವೆ. ಹನ್ನೆರಡನೆಯ ಶತಮಾನದ ಶರಣರೂ, ಅವರ ನಂತರ ಭೀಮಾತೀರದಲ್ಲಿ ಹಾಡಿದ ತತ್ವಪದಕಾರರೂ ಆ ಮಾತನ್ನು ಬಳಸಿದರು; ಅದರ ಪಕ್ಕದಲ್ಲಿ ಇನ್ನೊಂದನ್ನು, ಇನ್ನಷ್ಟು ಸಲಿಗೆಯಿಂದ, ಬಳಸಿದರು: ಬಯಲು. ಬಯಲೆಂದರೆ ಗೋಡೆಯಿಲ್ಲದ ಜಾಗ, ಮರೆಯಿಲ್ಲದ ಜಾಗ. ಗುಟ್ಟು ಬಯಲಾಯಿತು ಎಂದಾಗ ಗುಟ್ಟು ಉಳಿಯಲಿಲ್ಲ ಎಂದೂ ಹೇಳಿದಂತಾಯಿತು, ಎಲ್ಲರಿಗೂ ಕಂಡಿತು ಎಂದೂ ಹೇಳಿದಂತಾಯಿತು. ಕರಗುವುದಕ್ಕೂ ಕಾಣಿಸಿಕೊಳ್ಳುವುದಕ್ಕೂ ಒಂದೇ ಕ್ರಿಯಾಪದ ಇಟ್ಟುಕೊಂಡಿರುವ ಭಾಷೆ ನಮ್ಮದು. ದೇವರು ಶೂನ್ಯ ಎಂದೊಡನೆ ಆಸ್ತಿಕರು ಬೆಚ್ಚುವುದೂ ನಾಸ್ತಿಕರು ತಲೆದೂಗುವುದೂ ಈ ಎರಡನೆಯ ಮಾತನ್ನು ಮರೆತದ್ದರಿಂದ ಎಂಬುದು ನನ್ನ ತಿಳಿವಳಿಕೆ.

ಆಳಂದ, ಅಫಜಲಪುರ, ಜೇವರ್ಗಿಯ ಕಡೆ ಬಯಲನ್ನು ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಮುಂಗಾರಿಯಲ್ಲಿ ತೊಗರಿ, ಹೆಸರು ಬಿತ್ತಿದ ಹೊಲಗಳ ನಡುವೆ, ಹಿಂಗಾರಿ ಬಿಳಿಜೋಳಕ್ಕೆಂದು ಬಿತ್ತದೆ ಬಿಟ್ಟ ಎರೆಹೊಲಗಳು ತಿಂಗಳುಗಟ್ಟಲೆ ಕರ್ರಗೆ ಮಲಗಿರುತ್ತವೆ. ಹೊರಗಿನವರ ಕಣ್ಣಿಗೆ ಅದು ಪಾಳು ಭೂಮಿ. ಒಕ್ಕಲುತನ ಬಲ್ಲವರಿಗೆ ಗೊತ್ತು, ಅದರ ಹಿಂದೆ ಎಷ್ಟು ಎಚ್ಚರವಿದೆ ಎಂದು. ಮಳೆ ಬಿದ್ದು ನೆಲ ಆರಿದಾಗಲೆಲ್ಲ ಕುಂಟೆ ಹೊಡೆಯಬೇಕು, ಹುಟ್ಟಿದ ಕಸ ಹರಗಬೇಕು, ಬಿರುಕುಗಳ ಬಾಯಿ ಮುಚ್ಚುವಂತೆ ಮೇಲ್ಮಣ್ಣನ್ನು ಸಡಿಲವಾಗಿ ಇಡಬೇಕು. ಆಗ ಕೆಳಗೆ ಹಸಿ ನಿಲ್ಲುತ್ತದೆ. ಮುಂದೆ ಮಳೆ ಕೈಕೊಟ್ಟರೂ ಜೋಳ ಆ ಹಸಿಯ ಮೇಲೆಯೇ ತೆನೆ ಹಿಡಿಯುತ್ತದೆ. ಯಾರೂ ಕಾಲಿಡದೆ ಬೀಳು ಬಿದ್ದ ಹೊಲವೂ ಖಾಲಿಯೇ, ಹೀಗೆ ಹರಗಿಟ್ಟ ಹೊಲವೂ ಖಾಲಿಯೇ. ಎರಡೂ ಒಂದೇ ಎನ್ನುವ ರೈತ ಸಿಗಲಾರ. ನನ್ನ ವಾದ ಈ ವ್ಯತ್ಯಾಸದ ಮೇಲೆ ನಿಂತಿದೆ. ದೇವರನ್ನು ಶೂನ್ಯವೆಂದು ತಿಳಿಯಬಹುದು, ಹರಗಿದ ಹೊಲದ ಅರ್ಥದಲ್ಲಿ. ನನ್ನದು ಎಂಬ ಕಸವನ್ನು ಬೇರುಸಹಿತ ಕಿತ್ತು ತೆರವು ಮಾಡಿಟ್ಟ ಜಾಗಕ್ಕೆ ಈ ಸೀಮೆಯವರು ಬಯಲು ಎಂದರು, ಅಲ್ಲಿ ದೇವರನ್ನು ಕಂಡರು. ಬೀಳಿನ ಅರ್ಥದಲ್ಲಿ ಶೂನ್ಯವನ್ನು ಹಿಡಿದರೆ ಅದು ದೇವರನ್ನೂ ತಿಳಿಸದು, ಶೂನ್ಯವನ್ನೂ ತಿಳಿಸದು.

ಹಳೆಯ ಪುರಾವೆಯಿಂದ ಆರಂಭಿಸೋಣ. ಭೀಮೆಯ ಗುಂಟ ಜೇವರ್ಗಿಯಿಂದ ಕೆಳಕ್ಕೆ ಸಾಗಿದರೆ ಚಿತ್ತಾಪುರ ತಾಲೂಕಿನ ಸನ್ನತಿ, ಅದರ ಮಗ್ಗುಲಲ್ಲೇ ಕನಗನಹಳ್ಳಿ. 1990ರ ದಶಕದಲ್ಲಿ ಭಾರತೀಯ ಪುರಾತತ್ವ ಇಲಾಖೆಯವರು ಅಲ್ಲಿ ಅಗೆದಾಗ ಶಾತವಾಹನರ ಕಾಲದ ಮಹಾಸ್ತೂಪವೊಂದರ ಅವಶೇಷಗಳು ಹೊರಬಂದವು. ‘ರಾಯೋ ಅಸೋಕೋ’ ಎಂಬ ಬರಹವಿರುವ ಅಶೋಕನ ಶಿಲ್ಪದಿಂದಾಗಿ ಆ ಊರು ಹೆಸರಾಯಿತು. ನಮ್ಮ ಪ್ರಶ್ನೆಗೆ ಬೇಕಾದವು ಅಲ್ಲಿನ ಬೇರೆ ಫಲಕಗಳು. ಅವುಗಳಲ್ಲಿ ಗಂಡಸರು, ಹೆಂಗಸರು ಕೈಮುಗಿದು ನಿಂತಿದ್ದಾರೆ. ಎದುರಿಗೆ ಪೀಠವಿದೆ, ಬೋಧಿವೃಕ್ಷವಿದೆ, ಚಕ್ರವಿದೆ, ಪಾದದ ಗುರುತಿದೆ. ಪೀಠದ ಮೇಲೆ ಯಾರೂ ಇಲ್ಲ. ಅರಸನ ಕೊರಳಿನ ಹಾರದ ಮಣಿಗಳನ್ನೂ ಬಿಡದೆ ಕಡೆದ ಶಿಲ್ಪಿಗೆ ಬುದ್ಧನನ್ನು ಕಡೆಯಲು ಬಾರದೆ ಹೋಯಿತೆಂದು ಹೇಳುವಂತಿಲ್ಲ. ಕೈಮುಗಿದವರ ನೋಟವೆಲ್ಲ ಆ ತೆರವಿನ ಕಡೆಗೇ ಹೊರಳುವಂತೆ ಆತ ಕೆಲಸ ಮಾಡಿದ್ದಾನೆ. ಬುದ್ಧನ ನಿಂತ ಮೂರ್ತಿಗಳು ಅದೇ ಸ್ತೂಪಕ್ಕೆ ಆಮೇಲೆ ಬಂದವು. ಎಂದರೆ ಪೂಜ್ಯವಾದದ್ದನ್ನು ಖಾಲಿ ಪೀಠವಾಗಿ ಕಾಣುವ ಅಭ್ಯಾಸ ಭೀಮೆಯ ದಂಡೆಗೆ ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದು.

ಬುದ್ಧ ದೇವರಲ್ಲವಲ್ಲ, ಬೌದ್ಧರ ಶೂನ್ಯತೆ ದೇವರನ್ನು ಅಲ್ಲಗಳೆಯಲು ಹುಟ್ಟಿದ್ದಲ್ಲವೇ ಎಂಬ ಆಕ್ಷೇಪ ಇಲ್ಲೇ ಏಳುತ್ತದೆ. ಅರ್ಧ ಸರಿ. ಶಾತವಾಹನ ಅರಸನೊಬ್ಬನಿಗೆ ಹಿತೋಪದೇಶದ ಪತ್ರ ಬರೆದನೆಂದು ಪರಂಪರೆ ಹೇಳುವ ನಾಗಾರ್ಜುನ, ಮೂಲಮಧ್ಯಮಕಕಾರಿಕೆಯಲ್ಲಿ ಯಾವ ವಸ್ತುವಿಗೂ ತನ್ನಷ್ಟಕ್ಕೆ ತಾನೇ ನಿಲ್ಲುವ ಸ್ವಭಾವವಿಲ್ಲ ಎಂದು ತೋರಿಸುತ್ತ ಹೋಗುತ್ತಾನೆ. ಜಗತ್ತಿನ ಹೊರಗೆ ಕುಳಿತು ಜಗತ್ತನ್ನು ಮಾಡಿದ ಕರ್ತಾರನಿಗೆ ಆ ತರ್ಕದಲ್ಲಿ ಎಡೆಯಿಲ್ಲ. ಆದರೆ ಆತನ ಮಾತು ಅಲ್ಲಿಗೆ ನಿಲ್ಲಲಿಲ್ಲ. ಎಲ್ಲ ಹಿಡಿತಗಳಿಂದ ಬಿಡಿಸಲೆಂದು ಹೇಳಿದ ಶೂನ್ಯತೆಯನ್ನೇ ಒಂದು ಸಿದ್ಧಾಂತವಾಗಿ ಹಿಡಿದುಕೊಂಡವರನ್ನು ಯಾರೂ ಗುಣಪಡಿಸಲಾರರು ಎಂದು ಆತ ಎಚ್ಚರಿಸಿದ್ದಾನೆ. ತಪ್ಪಾಗಿ ಹಿಡಿದ ಶೂನ್ಯತೆಯನ್ನು ತಪ್ಪಾಗಿ ಹಿಡಿದ ಹಾವಿಗೆ ಹೋಲಿಸಿದ್ದಾನೆ. ಶೂನ್ಯ ಎಂಬ ಹೆಸರಿನ ಒಂದು ಪರಮವಸ್ತುವಿದೆ, ಅದೇ ದೇವರು ಎಂದು ಹೇಳಹೊರಟವರಿಗೆ ನಾಗಾರ್ಜುನನಿಂದ ಸಹಾಯ ಸಿಗದು. ಶೂನ್ಯವೆಂಬುದು ಒಂದು ಕೆಲಸ, ಬಿಡುವ ಕೆಲಸ ಎನ್ನುವವರಿಗೆ ಮಾತ್ರ ಆತ ಜೊತೆಗಾರ. ಕನಗನಹಳ್ಳಿಯಿಂದ ಶರಣರ ಕಲ್ಯಾಣಕ್ಕೆ ನೇರವಾಗಿ ಗೆರೆ ಎಳೆಯಬಾರದೆಂಬುದನ್ನೂ ಒಪ್ಪಬೇಕು. ನಡುವೆ ಸಾವಿರ ವರ್ಷಗಳಿವೆ. 1095ರ ಡಂಬಳದ ಶಾಸನ ಅಲ್ಲಿ ಬೌದ್ಧ ವಿಹಾರವಿದ್ದುದನ್ನು ಹೇಳುವುದರಿಂದ ಶರಣರ ಕಾಲದ ಹೊಸ್ತಿಲವರೆಗೂ ಕನ್ನಡ ನೆಲದಲ್ಲಿ ಬೌದ್ಧರು ಉಳಿದಿದ್ದರು ಎಂಬಷ್ಟೇ ಖಚಿತ. ಕಾಳಾಮುಖರು, ನಾಥರು, ಸಿದ್ಧರು, ಉಪನಿಷತ್ತಿನ ನೇತಿ ಹೀಗೆ ಬೇರೆ ಊಟೆಗಳೂ ಇದ್ದವು. ಯಾರಿಂದ ಯಾರು ಪಡೆದರು ಎಂಬುದಕ್ಕಿಂತ ಪಡೆದದ್ದನ್ನು ಏನು ಮಾಡಿದರು ಎಂಬುದು ನಮಗೆ ಮುಖ್ಯ.

ಇದೇ ಸೀಮೆಯ ಗಣಿತಜ್ಞರನ್ನೂ ಕೇಳಬೇಕು, ಏಕೆಂದರೆ ಸೊನ್ನೆಯ ಜೊತೆ ದಿನವಿಡೀ ಕೆಲಸ ಮಾಡಿದವರು ಅವರು. ಮಳಖೇಡದ ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಹಾಗೇ ಉಳಿಯುತ್ತದೆ ಎಂದು ಆತ ಹೇಳಿದ, ಅದು ತಪ್ಪು. ಶೂನ್ಯವೆಂದರೆ ಏನೂ ಇಲ್ಲ, ಏನೂ ಇಲ್ಲದ್ದು ಏನನ್ನೂ ಮಾಡದು ಎಂಬ ಊಹೆ ಆ ತಪ್ಪಿನ ಒಳಗಿದೆ. 1150ರಲ್ಲಿ, ಕಲ್ಯಾಣದಲ್ಲಿ ಶರಣರು ಸೇರುತ್ತಿದ್ದ ಕಾಲಕ್ಕೇ, ಭಾಸ್ಕರಾಚಾರ್ಯ ಬೀಜಗಣಿತದಲ್ಲಿ ಅದೇ ಲೆಕ್ಕವನ್ನು ಮತ್ತೆ ಎತ್ತಿಕೊಂಡ. ಸೊನ್ನೆ ಛೇದವಾದ ರಾಶಿಗೆ ಖಹರ ಎಂದು ಹೆಸರಿಟ್ಟು, ಅದಕ್ಕೆ ಎಷ್ಟು ಸೇರಿಸಿದರೂ ಎಷ್ಟು ಕಳೆದರೂ ವಿಕಾರವಿಲ್ಲ ಎಂದ. ಹೋಲಿಕೆ ಬೇಕಾದಾಗ ಆತನಿಗೆ ನೆನಪಾದದ್ದು ದೇವರು: ಸೃಷ್ಟಿಯಲ್ಲಿ ಜೀವಗಳು ಹೊರಬಿದ್ದಾಗಲೂ ಪ್ರಳಯದಲ್ಲಿ ಒಳಹೊಕ್ಕಾಗಲೂ ಏರಿಳಿಯದ ಅನಂತನಾದ ಅಚ್ಯುತ. ಲೆಕ್ಕದ ಪುಸ್ತಕದಲ್ಲಿ ಬಂದ ಹೋಲಿಕೆಯಿಂದ ದೇವತಾಶಾಸ್ತ್ರ ಸಿದ್ಧವಾಗುವುದಿಲ್ಲ, ನಿಜ. ಶೂನ್ಯದ ದಾರಿಯಲ್ಲಿ ಹೋದ ಒಬ್ಬ ನಿಷ್ಠುರ ಗಣಿತಜ್ಞನ ಬುದ್ಧಿ ತುಂಬಿದ ದೇವರ ಬಾಗಿಲಲ್ಲಿ ಹೋಗಿ ನಿಂತಿತು ಎಂಬುದಕ್ಕೆ ಮಾತ್ರ ಅದು ಸಾಕ್ಷಿ.

ಈಗ ಶರಣ ಅಲ್ಲಮಪ್ರಭುವಿನ ಬಳಿ ಬರೋಣ. ಆಳಂದದಿಂದ ಈಶಾನ್ಯಕ್ಕೆ ಹೆಚ್ಚು ದೂರವಿಲ್ಲದ ಬಸವಕಲ್ಯಾಣವೇ ಅಂದಿನ ಕಲ್ಯಾಣ. ಅಲ್ಲಿ ನಡೆದ ಮಾತುಕತೆಯನ್ನು ವಚನಗಳ ಮೂಲಕವೇ ನಾಟಕದಂತೆ ಕಟ್ಟಿದ ಕೃತಿ ಶೂನ್ಯಸಂಪಾದನೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿದ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ತಿದ್ದಿ ಬೆಳೆಸಿದರು. ಹನ್ನೆರಡನೆಯ ಶತಮಾನದ ವರದಿಯೆಂದು ಅದನ್ನು ಓದಬಾರದು. ಮುನ್ನೂರು ವರ್ಷಗಳ ಚಿಂತನೆ ತನ್ನನ್ನು ತಾನು ಅರ್ಥಮಾಡಿಕೊಂಡ ಬಗೆಯೆಂದು ಓದಬೇಕು. ಹೆಸರನ್ನೇ ನೋಡಿ. ಸಂಪಾದನೆ ಎಂಬುದು ದುಡಿಮೆಯ ಮಾತು. ಸಂಪಾದನೆ ಎಷ್ಟು ಎಂದು ಇಂದಿಗೂ ಕೇಳುತ್ತೇವೆ. ದುಡಿದು ಗಳಿಸಬೇಕಾದ ಶೂನ್ಯ ಅದು, ತಾನಾಗಿ ಬಿದ್ದಿರುವ ಶೂನ್ಯವಲ್ಲ. ಅದನ್ನು ಗಳಿಸುವುದು ಹೇಗೆಂಬುದನ್ನು ತೋರಿಸಲು ಕೃತಿ ಗೋರಕ್ಷನ ಪ್ರಸಂಗವನ್ನು ತರುತ್ತದೆ. ಸಾಧನೆಯಿಂದ ದೇಹವನ್ನು ವಜ್ರವಾಗಿಸಿಕೊಂಡ ಗೋರಕ್ಷ ತನ್ನ ಮೈಯನ್ನು ಕಡಿದು ನೋಡೆಂದು ಅಲ್ಲಮನಿಗೆ ಕತ್ತಿ ಕೊಡುತ್ತಾನೆ. ಹೊಡೆದರೆ ಲೋಹಕ್ಕೆ ಲೋಹ ತಾಗಿದಂತೆ ಸದ್ದು ಬರುತ್ತದೆ, ಒಂದು ಕೂದಲೂ ಕೊಂಕುವುದಿಲ್ಲ. ಸದ್ದು ಬಂದರೆ ಅದು ಸಿದ್ಧಿಯಲ್ಲ ಎಂದು ಅಲ್ಲಮ ತನ್ನ ಮೈಯೊಡ್ಡುತ್ತಾನೆ. ಗೋರಕ್ಷ ಬೀಸಿದ ಕತ್ತಿ ಏನಕ್ಕೂ ತಾಗದೆ ಆಚೆಯಿಂದ ಹೊರಬರುತ್ತದೆ. ಇಬ್ಬರೂ ಕತ್ತಿಗೆ ಸಾಯಲಿಲ್ಲ. ಒಬ್ಬ ತನ್ನನ್ನು ಗಟ್ಟಿ ಮಾಡಿಕೊಂಡಿದ್ದರಿಂದ, ಇನ್ನೊಬ್ಬ ತಾನು ಎನ್ನಲು ಏನೂ ಉಳಿಸಿಕೊಳ್ಳದ್ದರಿಂದ. ಗಟ್ಟಿಯಾದದ್ದನ್ನು ಕಾಯಬೇಕಾಗುತ್ತದೆ, ಬಯಲಿಗೆ ಕಾವಲು ಬೇಡ.

ಶೂನ್ಯವೆಂದರೆ ನಿಷ್ಕ್ರಿಯತೆ ಎಂದುಕೊಂಡವರು ಅದೇ ಕೃತಿಯ ಆರೋಗಣೆಯ ಪ್ರಸಂಗವನ್ನು ಓದಬೇಕು. ಕಲ್ಯಾಣದಲ್ಲಿ ಬಸವಣ್ಣ ಕಟ್ಟಿಸಿದ ಶೂನ್ಯಸಿಂಹಾಸನವನ್ನು ಏರಿದ ಅಲ್ಲಮ, ಲಕ್ಷಗಟ್ಟಲೆ ಜಂಗಮರಿಗೆಂದು ಮಾಡಿದ ಅಡುಗೆಯನ್ನೆಲ್ಲ ಒಬ್ಬನೇ ಉಂಡುಬಿಡುತ್ತಾನೆ. ಬಡಿಸಿದಷ್ಟೂ ಸಾಲದು. ಕಡೆಗೆ ಬಸವಣ್ಣ ತನ್ನನ್ನೇ ಎಡೆಮಾಡಿದಾಗ ಆ ಹಸಿವು ಹಿಂಗುತ್ತದೆ, ಹೊರಗೆ ಕಾದಿದ್ದ ಜಂಗಮರೆಲ್ಲರಿಗೂ ಉಂಡಷ್ಟು ತೃಪ್ತಿಯಾಗುತ್ತದೆ. ಬಸವಣ್ಣನ ದಾಸೋಹದ ಮೂಲೆಯಲ್ಲಿ ಎಲ್ಲೋ ನಾನು ಮಾಡುತ್ತಿದ್ದೇನೆ ಎಂಬ ಎಳೆ ಉಳಿದಿತ್ತು. ಆ ಎಳೆಯನ್ನು ತಿನ್ನುವವರೆಗೆ ಶೂನ್ಯಕ್ಕೆ ಹಸಿವು ಎಂಬುದು ಕತೆಯ ಮರ್ಮ. ಇಲ್ಲಿ ದೇವರು ಎಲ್ಲೋ ಇರುವ ಖಾಲಿ ಜಾಗವಾಗಿ ಕಾಣಿಸಿಕೊಳ್ಳುವುದಿಲ್ಲ, ಭಕ್ತನ ಒಡೆತನವನ್ನು ಕೊನೆಯ ಅಗುಳಿನವರೆಗೂ ಕೇಳುವ ಹಸಿವಾಗಿ ಕಾಣಿಸಿಕೊಳ್ಳುತ್ತಾನೆ.

ಇದಕ್ಕೆ ಎದುರು ಸಾಕ್ಷ್ಯ ಆಳಂದದಲ್ಲೇ ಇದೆ, ಅದನ್ನು ಮುಚ್ಚಿಡಬಾರದು. ಏಕಾಂತದ ರಾಮಯ್ಯ ಅಲಂದೆಯವನು, ಎಂದರೆ ಇಂದಿನ ಆಳಂದದವನು, ಎಂದು ಸುಮಾರು 1200ರ ಅಬ್ಬಲೂರಿನ ಶಾಸನ ಹೇಳುತ್ತದೆ. ಶಿವನೇ ದೇವರೆಂದು ಸ್ಥಾಪಿಸಲು ಆತ ಅಬ್ಬಲೂರಿನಲ್ಲಿ ಜೈನರೊಡನೆ ಪಣತೊಟ್ಟು ತಲೆ ಕತ್ತರಿಸಿಕೊಂಡ, ಏಳು ದಿನಗಳ ಮೇಲೆ ತಲೆ ಮರಳಿ ಪಡೆದ, ಜಿನಬಿಂಬವನ್ನು ಒಡೆದ, ಅರಸ ಬಿಜ್ಜಳನಿಂದ ಜಯಪತ್ರ ಪಡೆದ ಎಂಬುದು ಅಲ್ಲಿನ ವೃತ್ತಾಂತ. ಬಸವಣ್ಣ, ಅಲ್ಲಮರ ಕಾಲದ, ಅದೇ ಸೀಮೆಯ ಭಕ್ತನಿಗೆ ದೇವರು ಗೆದ್ದು ತೋರಿಸಬೇಕಾದ ಪಕ್ಷವಾಗಿದ್ದ. ಮೂರ್ತಿಯನ್ನು ಒಡೆದರೂ ಅಲ್ಲಿ ಪೀಠ ಖಾಲಿಯಾಗಲಿಲ್ಲ. ಒಂದು ದೇವರು ಇದ್ದ ಕಡೆ ಇನ್ನೊಂದು ದೇವರು ಬಂದು ಕೂತಿತು, ಕೈಯಲ್ಲಿ ಜಯಪತ್ರ ಹಿಡಿದು. ಅಲ್ಲಮನೂ ಕಲ್ಲು ದೇವರನ್ನು, ಗುಡಿಯನ್ನು, ಕೊನೆಗೆ ಲಿಂಗದ ಹಮ್ಮನ್ನೂ ಬಿಡದೆ ಪ್ರಶ್ನಿಸಿದ. ಆದರೆ ಆತನ ಏಟೆಲ್ಲ ತನ್ನವರ ದೇವರ ಮೇಲೆ, ತನ್ನವರ ಹಿಡಿತದ ಮೇಲೆ. ಪರರ ಬಿಂಬ ಒಡೆಯುವುದಕ್ಕೂ ತನ್ನ ಬಿಂಬ ಬಿಡುವುದಕ್ಕೂ ಇರುವ ದೂರವನ್ನು ಅಳೆಯದೆ ಶೂನ್ಯದ ಮಾತಾಡುವುದು ಅಪಾಯ. ಕಲ್ಯಾಣದ ಚಳವಳಿಯೊಳಗೆ ಈ ಎರಡೂ ಹರಿವುಗಳಿದ್ದವು ಎಂದು ಒಪ್ಪಿಕೊಳ್ಳುವುದೇ ಅದಕ್ಕೆ ನಾವು ಸಲ್ಲಿಸಬೇಕಾದ ಗೌರವ.

ತಾತ್ವಿಕವಾಗಿ ಅತ್ಯಂತ ಗಟ್ಟಿಯಾದ ಆಕ್ಷೇಪ ದ್ವೈತಿಗಳದು. ಗುಣವಿಲ್ಲದ, ರೂಪವಿಲ್ಲದ, ಹೇಳಲಾಗದ ಬ್ರಹ್ಮವೆಂದರೆ ಅದಕ್ಕೂ ಶೂನ್ಯವಾದಿಗಳ ಶೂನ್ಯಕ್ಕೂ ಏನು ವ್ಯತ್ಯಾಸ ಎಂದು ಮಧ್ವಾಚಾರ್ಯರು ತತ್ತ್ವೋದ್ಯೋತದಲ್ಲಿ ಕೇಳಿದರು. ಅದಕ್ಕೆ ಟೀಕೆ ಬರೆದ ಜಯತೀರ್ಥರ ನೆನಪು ಈ ಭಾಗದಲ್ಲಿ ಬಲವಾಗಿದೆ. ಯರಗೋಳದ ಗವಿಯಲ್ಲಿ ಕುಳಿತು ಟೀಕೆಗಳನ್ನು ಬರೆದರೆಂಬ ನಂಬಿಕೆಯಿದೆ. ದೇವರು ಗುಣಪೂರ್ಣ, ಆತನ ಗುಣಗಳಿಗೆ ಎಣೆಯಿಲ್ಲ. ಗುಣಗಳನ್ನೆಲ್ಲ ಸುಲಿದು ಉಳಿದದ್ದನ್ನು ದೇವರೆನ್ನುವುದು ದೇವರನ್ನು ಕಳೆದುಕೊಂಡ ಲಕ್ಷಣ ಎಂಬುದು ಅವರ ನಿಲುವು. ಶೂನ್ಯವನ್ನು ಪರಮವಸ್ತುವೆಂದು ವಾದಿಸುವವರಿಗೆ ಇದಕ್ಕೆ ಉತ್ತರವಿಲ್ಲ ಎಂದೇ ನನಗೆ ಅನಿಸುತ್ತದೆ. ಬಯಲನ್ನು ಕೆಲಸವೆಂದು ತಿಳಿದರೆ ಆಕ್ಷೇಪದ ಮೊನೆ ಬೇರೆ ಕಡೆ ಹೊರಳುತ್ತದೆ. ಆಗ ಖಾಲಿ ಮಾಡಬೇಕಾದದ್ದು ದೇವರ ಗುಣಗಳನ್ನಲ್ಲ, ಆ ಗುಣಗಳ ಮೇಲೆ ನಾವು ಹಾಕಿಕೊಂಡ ಹಕ್ಕನ್ನು. ದೇವರು ಕರುಣಾಳು ಎನ್ನುವುದಕ್ಕೆ ಬಯಲಿನವರ ತಕರಾರಿಲ್ಲ. ದೇವರ ಕರುಣೆ ನಮ್ಮ ಓಣಿಯವರೆಗೆ ಮಾತ್ರ ಎನ್ನುವುದಕ್ಕೆ ತಕರಾರು. ಎಣೆಯಿಲ್ಲದ ಗುಣ ಎಂದು ನಿಜವಾಗಿ ನಂಬಿದವನು ಯಾವ ಗುಣಕ್ಕೂ ಬೇಲಿ ಹಾಕಲಾರ. ಆ ಹಂತದಲ್ಲಿ ಪೂರ್ಣದವರಿಗೂ ಶೂನ್ಯದವರಿಗೂ ಜಗಳ ಕಡಿಮೆಯಾಗುತ್ತದೆ, ಪೂರ್ತಿ ಮುಗಿಯದಿದ್ದರೂ. ಜೀವ ಮತ್ತು ದೇವರ ನಡುವಿನ ಭೇದದ ಪ್ರಶ್ನೆ ಹಾಗೇ ಉಳಿಯುತ್ತದೆ. ಐಕ್ಯವೆಂದು ಶರಣರು ಕರೆದದ್ದನ್ನು ದ್ವೈತಿಗಳು ಒಪ್ಪಲಾರರು. ಈ ಜಗಳ ಇಲ್ಲಿಯದಷ್ಟೇ ಅಲ್ಲ. 1328ರ ಸುಮಾರಿಗೆ ತೀರಿಕೊಂಡ, ದೂರದ ಜರ್ಮನಿಯ ಎಕ್‌ಹಾರ್ಟ್ ಎಂಬ ಕ್ರೈಸ್ತ ಗುರು ದೇವರಿಂದ ನನ್ನನ್ನು ಬಿಡಿಸೆಂದು ದೇವರನ್ನೇ ಬೇಡಬೇಕು ಎಂಬರ್ಥದ ಪ್ರವಚನ ಮಾಡಿದ, ಚರ್ಚಿನ ವಿಚಾರಣೆಗೂ ಗುರಿಯಾದ. ಜಪಾನಿನ ನಿಶಿತಾನಿ ಕೆಯ್ಜಿ 1961ರಲ್ಲಿ ಧರ್ಮವನ್ನು ಶೂನ್ಯತೆಯ ನೆಲೆಯಿಂದಲೇ ವಿವರಿಸುವ ಗ್ರಂಥ ಪ್ರಕಟಿಸಿದ. ಕಲ್ಯಾಣದಲ್ಲಿ ಎದ್ದ ಪ್ರಶ್ನೆ ಬೇರೆ ಬೇರೆ ಕಡೆ ಸ್ವತಂತ್ರವಾಗಿ ಎದ್ದಿದೆ ಎಂಬುದಕ್ಕೆ ಇಷ್ಟು ಸಾಕು.

ಇನ್ನೊಂದು ಆಕ್ಷೇಪ ಪಂಡಿತರದಲ್ಲ, ಮಗುವಿಗೆ ಜ್ವರ ಬಂದ ತಾಯಿಯದು. ಬಯಲಿನ ಮುಂದೆ ಅಳುವುದು ಹೇಗೆ? ಕೇಳಿಸಿಕೊಳ್ಳುವವರು ಯಾರು? ಇದನ್ನು ಹಗುರವಾಗಿ ತಳ್ಳಿದ ಶೂನ್ಯವಾದ ಅಹಂಕಾರದ ಇನ್ನೊಂದು ರೂಪ. ಉತ್ತರವನ್ನು ಜೇವರ್ಗಿಯವರೇ ಕೊಟ್ಟಿದ್ದಾರೆ. ಹದಿನೇಳನೆಯ ಶತಮಾನದಲ್ಲಿ ಬಾಳಿದ ಜೇವರ್ಗಿಯ ಷಣ್ಮುಖ ಶಿವಯೋಗಿಗಳು ಅಖಂಡೇಶ್ವರ ಎಂಬ ಅಂಕಿತದಲ್ಲಿ ಏಳುನೂರಕ್ಕೂ ಮಿಕ್ಕಿ ವಚನಗಳನ್ನು ಬರೆದರು. ಶರಣರಾಗಿ ಐದು ಶತಮಾನ ಕಳೆದ ಮೇಲೆ ಬಂದ ಅವರು ಆ ವಚನಗಳನ್ನು ಷಟ್‌ಸ್ಥಲದ ಕ್ರಮಕ್ಕೆ ಹೊಂದಿಸಿದರು: ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಬಯಲು ಬರುವುದು ಆರನೆಯದರಲ್ಲಿ. ಮೊದಲನೆಯದು ಅಳುವವರ, ಬೇಡುವವರ, ಕೈಯೊಡ್ಡುವವರ ಸ್ಥಲ. ಆ ಮೆಟ್ಟಿಲನ್ನು ಹತ್ತದೆ ಮೇಲಿನದಕ್ಕೆ ಹಾರುವಂತಿಲ್ಲ, ಮೇಲೆ ಹೋದವರು ಕೆಳಗಿನದನ್ನು ಕಿತ್ತು ಹಾಕುವಂತೆಯೂ ಇಲ್ಲ. ಕೈಯಲ್ಲಿ ಹಿಡಿಯುವ ಇಷ್ಟಲಿಂಗವನ್ನೇ ಗಮನಿಸಿ: ಕಪ್ಪಗೆ, ದುಂಡಗೆ, ಅಂಗೈಯ ಗುಳಿಯಲ್ಲಿ ಕೂರುವಷ್ಟು. ಮುಖವಿಲ್ಲ, ಕೈಕಾಲಿಲ್ಲ, ಆಯುಧವಿಲ್ಲ, ವಾಹನವಿಲ್ಲ. ನೋಟಕ್ಕೆ ಒಂದು ನೆಲೆ ಬೇಕೆಂಬ ಭಕ್ತನ ಅಗತ್ಯಕ್ಕೆ ಅದು ಒಪ್ಪುತ್ತದೆ. ಆ ನೆಲೆಯಲ್ಲಿ ಚಿತ್ರ ಬರೆದುಕೊಳ್ಳಲು ಬಿಡುವುದಿಲ್ಲ.

ಅಫಜಲಪುರ ತಾಲೂಕಿನ ಗಾಣಗಾಪುರ ಇದೇ ಮಾತನ್ನು ಬೇರೆ ಸಂಪ್ರದಾಯದ ಬಾಯಲ್ಲಿ ಹೇಳುತ್ತದೆ. ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ಭೀಮೆಯನ್ನು ಕೂಡುವ ಈ ಕ್ಷೇತ್ರದಲ್ಲಿ ಹದಿನೈದನೆಯ ಶತಮಾನದ ದತ್ತ ಸಂಪ್ರದಾಯದ ಗುರು ನರಸಿಂಹ ಸರಸ್ವತಿಯವರು ನೆಲೆಸಿದ್ದರು. ಶ್ರೀಶೈಲದ ಕಡೆಗೆ ಹೊರಟಾಗ ಅವರು ಬಿಟ್ಟುಹೋದದ್ದು ಪಾದುಕೆಗಳನ್ನು. ಜನ ಅವನ್ನು ನಿರ್ಗುಣ ಪಾದುಕೆ ಎನ್ನುತ್ತಾರೆ. ಗರ್ಭಗುಡಿಯ ಮುಂದೆ ಸಾಲಿನಲ್ಲಿ ನಿಂತು, ಒಂದು ಸಣ್ಣ ಕಿಂಡಿಯಿಂದ ಬಗ್ಗಿ ನೋಡಿದರೆ ಪಾದುಕೆಗಳ ದರ್ಶನ. ಹೊರಟುಹೋದವರ ಗುರುತಿಗೆ ಗುಣವಿಲ್ಲದ್ದು ಎಂದು ಹೆಸರಿಟ್ಟು, ಅದರ ಮುಂದೆಯೇ ದೆವ್ವ ಹಿಡಿದವರು, ಮಕ್ಕಳಿಲ್ಲದವರು, ಸಾಲದಲ್ಲಿ ಮುಳುಗಿದವರು ಗೋಳಾಡುತ್ತಾರೆ. ನಿರ್ಗುಣದ ಮುಂದೆ ಅಳಲಾಗದು ಎಂಬ ತರ್ಕವನ್ನು ಗಾಣಗಾಪುರದ ಒಂದು ಹುಣ್ಣಿಮೆಯೇ ಸುಳ್ಳು ಮಾಡುತ್ತದೆ. ಅಲ್ಲಿನ ಮಧುಕರಿ ಇನ್ನೂ ಹೆಚ್ಚಿನದನ್ನು ಹೇಳುತ್ತದೆ. ಗುರುಗಳು ಮಧ್ಯಾಹ್ನದ ಹೊತ್ತು ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾರೆಂಬ ನಂಬಿಕೆಯಿಂದ ಬಂದ ಭಕ್ತರೆಲ್ಲ ಜೋಳಿಗೆ ಹಿಡಿದು ಐದು ಮನೆ ಬೇಡುತ್ತಾರೆ. ಊರಲ್ಲಿ ಹತ್ತಾರು ಎಕರೆ ಇದ್ದವರೂ, ಅಂಗಡಿ ಇದ್ದವರೂ, ನೌಕರಿ ಇದ್ದವರೂ ಅಂದು ಬೇಡುವವರೇ. ನೀಡುವವರಿಗೆ ಬೇಡುವವರಲ್ಲಿ ಗುರು ಯಾರೆಂದು ಗೊತ್ತಾಗುವಂತಿಲ್ಲ, ಹಾಗಾಗಿ ಯಾರನ್ನೂ ಬರಿಗೈಯಲ್ಲಿ ಕಳಿಸುವಂತಿಲ್ಲ. ದೇವರು ಇಂಥವನೇ ಎಂದು ಗುರುತು ಹಿಡಿಯಲು ಬಾರದಂತೆ ಮಾಡಿದ್ದರಿಂದಲೇ ಎದುರಿಗೆ ಬಂದ ಪ್ರತಿಯೊಬ್ಬರೂ ದೇವರಾಗುವ ಸಾಧ್ಯತೆ ಉಳಿಯಿತು. ಶೂನ್ಯದ ತತ್ವ ಜೋಳಿಗೆಯ ಬಟ್ಟೆಯಾಗಿ ಕೈಗೆ ಬಂದದ್ದನ್ನು ನಾನು ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ.

ಸೂಫಿಗಳನ್ನು ಈ ಚರ್ಚೆಯಲ್ಲಿ ಎಳೆದು ತಂದು ಎಲ್ಲರೂ ಒಂದೇ ಹೇಳಿದರು ಎನ್ನುವುದು ನಮ್ಮಲ್ಲಿ ರೂಢಿ. ಅದು ಅವರಿಗೆ ಮಾಡುವ ನ್ಯಾಯವಲ್ಲ. ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರು, ಇರುವುದೆಲ್ಲ ಒಂದೇ ಎಂಬ ಇಬ್ನ್ ಅರಬಿಯ ಸಿದ್ಧಾಂತವನ್ನು ಒಪ್ಪಲಿಲ್ಲ. ದೇವರು ಎಲ್ಲದರಿಂದಾಚೆ, ಆಚೆಗೂ ಆಚೆ ಎಂಬುದು ಅವರ ಪಟ್ಟು. ಬಯಲಾಗಿ ಬಯಲೊಳಗೆ ಬೆರೆಯುವ ಮಾತು ಅಲ್ಲಿ ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಆದರೂ ಎರಡು ಅಂಶಗಳು ನಮ್ಮ ಪ್ರಶ್ನೆಗೆ ಹತ್ತಿರ. ಇಸ್ಲಾಮಿನ ಸಾಕ್ಷ್ಯವಚನ ಆರಂಭವಾಗುವುದೇ ‘ಇಲ್ಲ’ದಿಂದ, ಬೇರೆ ಯಾವ ಆರಾಧ್ಯವೂ ಇಲ್ಲವೆಂದು ಜಾಗ ತೆರವು ಮಾಡಿದ ಮೇಲೆ ಅಲ್ಲಾಹನ ಹೆಸರು ಬರುತ್ತದೆ. ಸೂಫಿಗಳ ಫನಾ ಎಂಬುದೂ ಸಾಧಕನ ನಾನು ಅಳಿಯುವ ಸ್ಥಿತಿಯೇ ಹೊರತು ದೇವರು ಅಳಿಯುವ ಸ್ಥಿತಿಯಲ್ಲ. ಖಾಲಿಯಾಗಬೇಕಾದದ್ದು ಯಾವ ಕಡೆ ಎಂಬ ಪ್ರಶ್ನೆಗೆ ದರ್ಗಾದಿಂದಲೂ ಮಠದಿಂದಲೂ ಒಂದೇ ದಿಕ್ಕಿಗೆ ಬೆರಳು ತೋರುತ್ತದೆ.

ಆ ಬೆರಳು ತೋರಿದ ಕಡೆ ನಡೆದವನು ಕಡಕೋಳದ ಮಡಿವಾಳಪ್ಪ. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ, ಮೊದಲು ಜೇವರ್ಗಿ ತಾಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲೂಕಿಗೆ ಸೇರಿದ ಕಡಕೋಳದಲ್ಲಿ ನೆಲೆನಿಂತ ಈತನ ತತ್ವಪದಗಳು ಈ ಸೀಮೆಯ ಭಜನೆಗಳಲ್ಲಿ ಇಂದಿಗೂ ಉಸಿರಾಡುತ್ತಿವೆ. ಬಯಲು ಈತನ ಪದಗಳಲ್ಲಿ ಮಠದ ಸೊತ್ತಾಗಿ ಉಳಿಯುವುದಿಲ್ಲ. ಕಾವಿಯ ಡಾಂಭಿಕತನ, ಕುಲದ ಹಮ್ಮು, ಶಾಸ್ತ್ರ ಓದಿ ಗರ್ವ ಬೆಳೆಸಿಕೊಂಡವರು, ಎಲ್ಲರಿಗೂ ಅಲ್ಲಿ ಏಟು ಬೀಳುತ್ತದೆ. ಶಿಷ್ಯರ ಹೆಸರುಗಳನ್ನು ಒಟ್ಟಿಗೆ ಓದಿದರೆ ಏಟಿನ ಅರ್ಥ ಗೊತ್ತಾಗುತ್ತದೆ: ಚನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪ, ತೆಲುಗಬಾಳ ರೇವಪ್ಪ. ಬೇರೆ ಬೇರೆ ಮನೆಗಳಿಂದ ಬಂದವರು ಒಬ್ಬ ಗುರುವಿನ ಬಯಲಿನಲ್ಲಿ ಕೂತು, ತಾವೂ ಪದ ಕಟ್ಟಿದರು. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ದಾಸೋಹ ನಡೆಸಿದ ಶರಣಬಸಪ್ಪನವರ ಬಗ್ಗೆಯೂ ಜನ ಹೇಳುವ ಕತೆ ಒಂದಿದೆ: ಬೆಳೆ ಬಂದ ಹೊಲದಲ್ಲಿ ಹಕ್ಕಿ ಓಡಿಸುವ ಬದಲು ಅವಕ್ಕೆ ನೀರಿಟ್ಟು ತೆನೆ ತಿನ್ನಲು ಬಿಟ್ಟರಂತೆ. ಪಹಣಿಯಲ್ಲಿ ಹೆಸರಿದ್ದವನೇ ಹೊಲವನ್ನು ಬಯಲು ಮಾಡಿದ ಕತೆ ಅದು.

ಶೂನ್ಯದ ಮಾತು ಬಡವರಿಗೆ ಸಮಾಧಾನ ಹೇಳಿ ಸುಮ್ಮನಾಗಿಸುತ್ತದೆ, ಎಲ್ಲ ಬಯಲೆಂದಮೇಲೆ ಅನ್ಯಾಯವೂ ಬಯಲೇ ಅಲ್ಲವೇ ಎಂಬ ಟೀಕೆ ಇಂದಿನದು. ಕೆಲವು ಪದಗಳ ಮಟ್ಟಿಗೆ ಅದು ನಿಜ. ಕಾಯವೇ ಸುಳ್ಳು, ಸಂಸಾರವೇ ಸುಳ್ಳು ಎಂದು ಹಾಡಿ ಕೂಲಿಯ ಪ್ರಶ್ನೆಯನ್ನು ಮರೆಸಿದ ಉದಾಹರಣೆಗಳು ತತ್ವಪದಗಳಲ್ಲಿವೆ. ಆದರೆ ಬಯಲಿನ ಪರಂಪರೆಯ ಬಲವಾದ ಭಾಗ ಇದಕ್ಕೆ ಎದುರಾಗಿ ನಿಲ್ಲುತ್ತದೆ. ಅನ್ಯಾಯ ನಿಂತಿರುವುದೇ ಒಡೆತನದ ಮೇಲೆ: ಕುಲ ನನ್ನದು, ಬಾವಿ ನನ್ನದು, ಗುಡಿ ನನ್ನದು. ಇವನ್ನು ಮುಟ್ಟದೆ ದೇಹವನ್ನಷ್ಟೇ ಶೂನ್ಯ ಎಂದವನು ಅತ್ಯಂತ ಅಗ್ಗದ ವಸ್ತುವನ್ನು ಬಿಟ್ಟುಕೊಟ್ಟ. ಶೂನ್ಯಸಿಂಹಾಸನದ ಹೆಸರಿನಲ್ಲಿಯೇ ಆಮೇಲೆ ಪೀಠಗಳು, ಪೀಠಕ್ಕೆ ಆಸ್ತಿ, ಆಸ್ತಿಗೆ ವಾರಸುದಾರಿಕೆಯ ಕಟ್ಲೆಗಳು ಹುಟ್ಟಿದ್ದನ್ನು ನೋಡಿದರೆ ನೋವಾಗುತ್ತದೆ. ಕನಗನಹಳ್ಳಿಯ ಶಿಲ್ಪಿ ಖಾಲಿ ಬಿಟ್ಟ ಜಾಗದಲ್ಲಿ ಕೂರಲು ಯಾರಿಗೂ ಧೈರ್ಯ ಬರಬಾರದಿತ್ತು.

ಆಳಂದದಲ್ಲಿ ಈ ಪ್ರಶ್ನೆ ಇಂದು ಗ್ರಂಥಗಳಿಂದ ಬೀದಿಗೆ ಬಂದಿದೆ. ಲಾಡ್ಲೆ ಮಶಾಕ್ ದರ್ಗಾದ ಆವರಣದಲ್ಲೇ ರಾಘವ ಚೈತನ್ಯರ ಹೆಸರಿನ ಶಿವಲಿಂಗವಿದೆ. 2022ರ ಶಿವರಾತ್ರಿಯ ಹೊತ್ತಿಗೆ ಅಲ್ಲಿ ಗಲಾಟೆಯಾಯಿತು, ಕಲ್ಲು ತೂರಾಟವಾಯಿತು. ಅಲ್ಲಿಂದೀಚೆಗೆ ಪೂಜೆಯ ಹಕ್ಕು ನ್ಯಾಯಾಲಯದ ವಿಷಯವಾಗಿ, ಶಿವರಾತ್ರಿ ಬಂದರೆ ಊರಿಗೆ ಪೊಲೀಸ್ ಬಂದೋಬಸ್ತು ಬರುತ್ತದೆ. ಯಾರ ದಾಖಲೆ ಸರಿ ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳಲಿ. ಬಯಲಿನ ನೆಲೆಯಿಂದ ಕೇಳಬೇಕಾದದ್ದು ಬೇರೆ: ಒಂದೇ ಆವರಣದಲ್ಲಿ ಗೋರಿಯೂ ಲಿಂಗವೂ ಇರಲು ಬಿಟ್ಟ ಹಿಂದಿನವರು ತಮ್ಮ ದೇವರಿಗೆ ಯಾವ ಸರ್ವೆ ನಂಬರ್ ಬರೆದುಕೊಂಡಿದ್ದರು? ಫನಾದ ಮಾತು ಹೇಳುವವರಿಗೂ ಐಕ್ಯದ ಮಾತು ಹೇಳುವವರಿಗೂ ಈ ಪ್ರಶ್ನೆ ಒಂದೇ ತೂಕದ್ದು.

ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಕಲ್ಲು ಎತ್ತಿ ನೋಡಿದರೆ ಮೂರ್ತಿಗೆ ಪೀಠವಾಗಿದ್ದದ್ದು ಅಶೋಕನ ಶಾಸನದ ಬಂಡೆ. ಅದರಲ್ಲಿ ಉಳಿದಿರುವ ಭಾಗಗಳಲ್ಲಿ ಹನ್ನೆರಡನೆಯ ಶಿಲಾಶಾಸನವೂ ಒಂದು: ತನ್ನ ಪಂಥವನ್ನು ಹೊಗಳುವಾಗ, ಪರರ ಪಂಥವನ್ನು ತೆಗಳುವಾಗ ನಾಲಿಗೆಗೆ ಹಿಡಿತವಿರಲಿ ಎಂದು ಪ್ರಜೆಗಳಿಗೆ ಹೇಳುವ ಶಾಸನ. ಅಕ್ಷರ ಓದಲು ಬಾರದ ಕಾಲದಲ್ಲಿ ಯಾರೋ ಆ ಬಂಡೆಯನ್ನು ತಂದು ಮಲಗಿಸಿ, ದೇವಿಯನ್ನು ನಿಲ್ಲಿಸಲೆಂದು ಅದರ ನಡುವೆ ಕುಳಿ ತೋಡಿದ್ದರು. ಕುಳಿ ಬಿದ್ದಲ್ಲಿ ಅಕ್ಷರಗಳು ಹೋಗಿವೆ. ಸುತ್ತಲಿನ ಸಾಲುಗಳು ಓದಲು ಬರುತ್ತವೆ.